ಅಕ್ಷ ತಿರುಗಿಸಿದರೂ ಕದಲದ ಮೂರು ಸಂಖ್ಯೆಗಳು: ಸ್ಟ್ರೇನ್ ಇನ್ವೇರಿಯಂಟ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ವಸ್ತು ತನ್ನ ಮೂಲ ಅಳತೆಗೆ ಹೋಲಿಸಿದರೆ ಎಷ್ಟು ಹಿಗ್ಗಿತು, ಕುಗ್ಗಿತು, ವಾಲಿತು ಎಂಬುದೇ ಸ್ಟ್ರೇನ್. ಒಂದು ಬಿಂದುವಿನ ಎಲ್ಲ ದಿಕ್ಕಿನ ಸ್ಟ್ರೇನ್ ಹೇಳುವ ಕೋಷ್ಟಕ ಸ್ಟ್ರೇನ್ ಟೆನ್ಸರ್, ಅಕ್ಷ ತಿರುಗಿಸಿದರೂ ಬದಲಾಗದ ಅದರ ಸಂಖ್ಯೆಗಳು ಇನ್ವೇರಿಯಂಟ್‌ಗಳು. ಇವುಗಳ ಬಗ್ಗೆ ವಿದ್ಯಾರ್ಥಿಗಳಿಂದ, ಲ್ಯಾಬ್‌ಗಳಿಂದ, ಕಾರ್ಖಾನೆಗಳ ಡಿಸೈನ್ ವಿಭಾಗಗಳಿಂದ ಬಂದ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಮೈಕ್ರೋಸ್ಟ್ರೇನ್ ಎಂದಲ್ಲೆಲ್ಲ ಹತ್ತು ಲಕ್ಷದಲ್ಲಿ ಒಂದು ಭಾಗ ಎಂದು ಓದಿಕೊಳ್ಳಿ. ಒಂದೇ ಗೇಜ್ (ಸ್ಟ್ರೇನ್ ಅಳೆಯಲು ಮೇಲ್ಮೈಗೆ ಅಂಟಿಸುವ ಸಾಧನ) ಓದಿಕೆಯನ್ನು ಎರಡು ಮೂರು ಉತ್ತರಗಳಲ್ಲಿ ಮುಂದುವರಿಸಿದ್ದೇವೆ. ಪೆನ್ನು, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೆಚ್ಚು ಉಪಯೋಗ.

ಪ್ರಶ್ನೆ: ಐ1, ಐ2, ಐ3 ಸೂತ್ರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಅವು ನಿಜಕ್ಕೂ ಏನನ್ನು ಅಳೆಯುತ್ತವೆ? ಮೂರೇ ಏಕೆ, ನಾಲ್ಕೋ ಐದೋ ಯಾಕಿಲ್ಲ? (ಬಿಇ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಒಂದು ಬಿಂದುವಿನ ಸ್ಟ್ರೇನ್ ಹೇಳಲು ಆರು ಸಂಖ್ಯೆ ಬೇಕು: ಮೂರು ನೇರ ಸ್ಟ್ರೇನ್ (ಹಿಗ್ಗು-ಕುಗ್ಗು), ಮೂರು ಶಿಯರ್ (ಕೋನದ ಬದಲಾವಣೆ). ನೀವು ಅಕ್ಷಗಳನ್ನು ತಿರುಗಿಸಿದರೆ ಆರೂ ಬದಲಾಗುತ್ತವೆ, ಆದರೆ ವಸ್ತು ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಎಂಬುದು ಬದಲಾಗುವುದಿಲ್ಲ. ಆರು ಸಂಖ್ಯೆಗಳಲ್ಲಿರುವ ಮಾಹಿತಿಯಲ್ಲಿ ಮೂರರಷ್ಟು ಪ್ರಿನ್ಸಿಪಲ್ ದಿಕ್ಕುಗಳು (ಶಿಯರ್ ಇಲ್ಲದೆ ಬರಿಯ ಹಿಗ್ಗು-ಕುಗ್ಗು ಇರುವ ಮೂರು ದಿಕ್ಕುಗಳು) ಯಾವ ಕಡೆ ಮುಖ ಮಾಡಿವೆ ಎಂದು ಹೇಳುವುದಕ್ಕೇ ಖರ್ಚಾಗುತ್ತದೆ. ಉಳಿದ ಮೂರು ಆ ದಿಕ್ಕುಗಳಲ್ಲಿನ ಹಿಗ್ಗು-ಕುಗ್ಗು. ಹಾಗಾಗಿ ಅಕ್ಷಗಳ ಹಂಗಿಲ್ಲದ ಯಾವ ಪ್ರಮಾಣವೇ ಆದರೂ ಈ ಮೂರರಿಂದಲೇ ಹುಟ್ಟಬೇಕು, ನಾಲ್ಕನೆಯದಕ್ಕೆ ಜಾಗವಿಲ್ಲ. ನಾರುಗಳಿರುವ ಕಾಂಪೋಸಿಟ್‌ನಂಥ ವಸ್ತುವಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ನಾರಿನ ದಿಕ್ಕು ವಸ್ತುವಿನದೇ ಗುಣವಾದ್ದರಿಂದ ನಾಲ್ಕು, ಐದನೆಯ ಇನ್ವೇರಿಯಂಟ್‌ಗಳು ಸೇರಿಕೊಳ್ಳುತ್ತವೆ.

ಪ್ರಿನ್ಸಿಪಲ್ ಸ್ಟ್ರೇನ್‌ಗಳನ್ನು ಕ, ಖ, ಗ ಎನ್ನೋಣ. ಆಗ ಐ1 = ಕ + ಖ + ಗ. ಐ2 = ಕಖ + ಖಗ + ಗಕ. ಐ3 = ಕಖಗ. ಈಗ ಪ್ರಿನ್ಸಿಪಲ್ ದಿಕ್ಕುಗಳಿಗೆ ಸರಿಯಾಗಿ ಕತ್ತರಿಸಿದ, ಬಾಹು 1 ಇರುವ ಒಂದು ಘನವನ್ನು ತೆಗೆದುಕೊಳ್ಳಿ. ವಿರೂಪಗೊಂಡ ಮೇಲೆ ಅದರ ಗಾತ್ರ (1 + ಕ)(1 + ಖ)(1 + ಗ). ಗುಣಿಸಿ ಬಿಡಿಸಿದರೆ 1 + ಐ1 + ಐ2 + ಐ3. ಬಾಯಿಪಾಠ ಮಾಡಿದ ಮೂರೂ ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ಇದನ್ನು ಪಾಠದ ಮೊದಲ ದಿನವೇ ಹೇಳಿಕೊಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸ್ಟೀಲಿನಲ್ಲಿ ಸ್ಟ್ರೇನ್ ಸಾವಿರದಲ್ಲಿ ಒಂದರಷ್ಟಿದ್ದರೆ ಐ1 ಸಾವಿರದಲ್ಲಿ ಒಂದರ ಮಟ್ಟದಲ್ಲಿ, ಐ2 ಹತ್ತು ಲಕ್ಷದಲ್ಲಿ ಒಂದರ ಮಟ್ಟದಲ್ಲಿ, ಐ3 ನೂರು ಕೋಟಿಯಲ್ಲಿ ಒಂದರ ಮಟ್ಟದಲ್ಲಿ ಇರುತ್ತವೆ. ಕೊನೆಯ ಎರಡನ್ನು ಬಿಟ್ಟುಬಿಟ್ಟು "ಐ1 ಎಂದರೆ ಗಾತ್ರದ ಬದಲಾವಣೆ" ಎನ್ನುವುದು ಅದಕ್ಕೇ. ರಬ್ಬರಿನಲ್ಲಿ ಹಾಗೆ ಬಿಡಲಾಗದು. ಗಾತ್ರ ಬದಲಾಗದ ರಬ್ಬರ್ ಪಟ್ಟಿಯನ್ನು ಎರಡು ಪಟ್ಟು ಉದ್ದ ಎಳೆದರೆ ಉದ್ದದ ಸ್ಟ್ರೇನ್ 1, ಅಗಲ ಮತ್ತು ದಪ್ಪದ ಸ್ಟ್ರೇನ್ ತಲಾ −0.2929. ಐ1 = 0.4142, ಐ2 = −0.5, ಐ3 = 0.0858. ಮೂರನ್ನೂ ಕೂಡಿಸಿದರೆ ಸೊನ್ನೆ. ಐ1 ಒಂದನ್ನೇ ನೋಡಿದವರಿಗೆ ಗಾತ್ರ ಶೇ 41 ಹೆಚ್ಚಿದಂತೆ ಕಾಣುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಕಳೆದುಬಿಡೋಣ. ದೊಡ್ಡ ವಿರೂಪದ ಪುಸ್ತಕಗಳಲ್ಲಿ ಬರುವ ಐ3 ಸ್ಟ್ರೇನ್‌ನದಲ್ಲ, ಹಿಗ್ಗಿನ ಅನುಪಾತಗಳ ವರ್ಗಗಳಿಂದಾದ ಕೋಶಿ-ಗ್ರೀನ್ ಟೆನ್ಸರಿನದು. ವಸ್ತು ಏನೂ ಆಗದೆ ಇದ್ದಾಗ ಅದರ ಬೆಲೆ 1, ಐ1 ಮತ್ತು ಐ2 ಬೆಲೆ 3. ಐ3ರ ವರ್ಗಮೂಲವೇ ಗಾತ್ರದ ಅನುಪಾತ. ನಿಮ್ಮ ಸೂತ್ರಗಳಲ್ಲಿ ಆ ಸ್ಥಿತಿಯಲ್ಲಿ ಮೂರೂ ಸೊನ್ನೆ. ಹೆಸರು ಒಂದೇ ಆದರೂ ಪ್ರಮಾಣ ಬೇರೆ.

ಪ್ರಶ್ನೆ: 45 ಡಿಗ್ರಿ ರೋಸೆಟ್‌ನಲ್ಲಿ (ಬೇರೆ ಬೇರೆ ಕೋನಕ್ಕೆ ಜೋಡಿಸಿದ ಗೇಜ್‌ಗಳ ಗುಂಪು) 0, 45, 90 ಡಿಗ್ರಿ ಗೇಜ್‌ಗಳು ಕ್ರಮವಾಗಿ 600, 500, −200 ಮೈಕ್ರೋಸ್ಟ್ರೇನ್ ತೋರಿಸಿದವು. ಮ್ಯಾಟ್ರಿಕ್ಸ್ ಬರೆದು ಕಂಪ್ಯೂಟರಿನಲ್ಲಿ ಐಗನ್ ಬೆಲೆ (ಅಂದರೆ ಪ್ರಿನ್ಸಿಪಲ್ ಸ್ಟ್ರೇನ್) ತೆಗೆದರೆ 921 ಮತ್ತು −521. ಸಹಪಾಠಿ ಕೈಯಲ್ಲಿ ಮಾಡಿದ್ದು 700 ಮತ್ತು −300. ಇಬ್ಬರ ಉತ್ತರದಲ್ಲೂ ಮೊತ್ತ 400 ಇದೆ, ಅಂದರೆ ಮೊದಲ ಇನ್ವೇರಿಯಂಟ್ ಸರಿಹೋಗಿದೆ. ತಪ್ಪು ಯಾರದು? (ಎಂಟೆಕ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಸಹಪಾಠಿಯದು ಸರಿ. ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ ಶಿಯರ್ ಎರಡು ಪಟ್ಟಾಗಿದೆ. ಈ ವಿಷಯದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದು, ಆದ್ದರಿಂದ ನಿಧಾನವಾಗಿ ನೋಡೋಣ.

ರೋಸೆಟ್ ಸೂತ್ರ ಕೊಡುವುದು ಎಂಜಿನಿಯರಿಂಗ್ ಶಿಯರ್ ಸ್ಟ್ರೇನ್: 45ರ ಓದಿಕೆಯ ಎರಡರಷ್ಟರಿಂದ ಉಳಿದೆರಡನ್ನೂ ಕಳೆಯಬೇಕು. 1000 − 600 + 200 = 600. ಇದು ಲಂಬ ಕೋನ ಒಟ್ಟು ಎಷ್ಟು ಕಿರಿದಾಯಿತು ಎಂಬ ಲೆಕ್ಕ. ಟೆನ್ಸರಿನ ಮ್ಯಾಟ್ರಿಕ್ಸ್‌ನಲ್ಲಿ ಕರ್ಣದ ಆಚೀಚೆ ಎರಡು ಜಾಗಗಳಿವೆ, ಒಂದೊಂದಕ್ಕೂ ಅದರ ಅರ್ಧ, ಅಂದರೆ 300 ಹೋಗಬೇಕು. ನೀವು ಎರಡೂ ಕಡೆ 600 ಇಟ್ಟಿದ್ದೀರಿ. ಆಗ ಅದು ಟೆನ್ಸರ್ ಆಗಿ ಉಳಿಯುವುದಿಲ್ಲ. ಅಕ್ಷ ತಿರುಗಿಸುವ ನಿಯಮವನ್ನೇ ಪಾಲಿಸುವುದಿಲ್ಲ.

ಸರಿಯಾದ ಲೆಕ್ಕ ಹೀಗೆ. ಸರಾಸರಿ 200. ನೇರ ಸ್ಟ್ರೇನ್‌ಗಳ ಅರ್ಧ ವ್ಯತ್ಯಾಸ 400, ಟೆನ್ಸರ್ ಶಿಯರ್ 300. ಮೋರ್ ವೃತ್ತದ (ದಿಕ್ಕು ತಿರುಗಿದಂತೆ ಸ್ಟ್ರೇನ್ ಬದಲಾಗುವುದನ್ನು ತೋರಿಸುವ ಚಿತ್ರ) ತ್ರಿಜ್ಯ 400² + 300² ಇದರ ವರ್ಗಮೂಲ, ಅಂದರೆ 500. ಪ್ರಿನ್ಸಿಪಲ್ ಸ್ಟ್ರೇನ್‌ಗಳು 700 ಮತ್ತು −300, ದಿಕ್ಕು 0 ಗೇಜಿನಿಂದ 45ರ ಕಡೆಗೆ 18.4 ಡಿಗ್ರಿ. ಸಮತಲದ ಎರಡನೆಯ ಇನ್ವೇರಿಯಂಟ್, ಅಂದರೆ ಡಿಟರ್ಮಿನೆಂಟ್: 600 × (−200) − 300² = −2,10,000. ಪ್ರಿನ್ಸಿಪಲ್‌ಗಳಿಂದ: 700 × (−300) = −2,10,000. ಸರಿಹೋಯಿತು.

ಮೊದಲ ಇನ್ವೇರಿಯಂಟ್ ನಿಮ್ಮ ತಪ್ಪನ್ನು ಏಕೆ ಹಿಡಿಯಲಿಲ್ಲ? ಅದರಲ್ಲಿ ಶಿಯರ್ ಇಲ್ಲವೇ ಇಲ್ಲ. ಶಿಯರ್ ಜಾಗದಲ್ಲಿ ಏನು ಬರೆದರೂ ಮೊತ್ತ 400ಕ್ಕೇ ನಿಲ್ಲುತ್ತದೆ. ಎರಡನೆಯದು ಹಿಡಿಯುತ್ತದೆಂದು ಹಲವರು ನಂಬುತ್ತಾರೆ, ಅದೂ ಪೂರ್ತಿ ನಿಜವಲ್ಲ. ನಿಮ್ಮ ತಪ್ಪು ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ −4,80,000, ನಿಮ್ಮ ತಪ್ಪು ಪ್ರಿನ್ಸಿಪಲ್‌ಗಳ ಗುಣಲಬ್ಧವೂ −4,80,000! ಒಂದೇ ಮ್ಯಾಟ್ರಿಕ್ಸ್‌ನಿಂದ ಬಂದ ಎರಡು ಸಂಖ್ಯೆಗಳು ಪರಸ್ಪರ ಒಪ್ಪುವುದು ಬರಿಯ ಬೀಜಗಣಿತ, ಮ್ಯಾಟ್ರಿಕ್ಸ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸಾಕ್ಷಿ ಬೇಕಿದ್ದರೆ ಗೇಜಿಗೇ ವಾಪಸ್ ಹೋಗಬೇಕು. 700 ಮತ್ತು −300 ಇಟ್ಟುಕೊಂಡು 45 ಡಿಗ್ರಿಯಲ್ಲಿ ಎಷ್ಟು ಬರುತ್ತದೆ ನೋಡಿ: 200 + 500 × ಕೊಸೈನ್ 53.13 = 500. ಗೇಜ್ ತೋರಿಸಿದ್ದೂ 500. ನಿಮ್ಮ 921 ಮತ್ತು −521ರಿಂದ ಅದೇ ದಿಕ್ಕಿನಲ್ಲಿ 800 ಬರುತ್ತದೆ. ಪ್ರತಿ ರೋಸೆಟ್ ಲೆಕ್ಕದ ಕೊನೆಗೆ ಈ ಒಂದು ಸಾಲನ್ನು ಸೇರಿಸಿಕೊಳ್ಳಿ.

ಎಫ್‌ಇಎಂ (ವಸ್ತುವನ್ನು ಸಣ್ಣ ಎಲಿಮೆಂಟ್‌ಗಳಾಗಿ ಒಡೆದು ಲೆಕ್ಕ ಹಾಕುವ) ಸಾಫ್ಟ್‌ವೇರ್‌ಗಳಿಂದ ಸ್ಟ್ರೇನ್ ಫೈಲ್ ತೆಗೆದು ತಮ್ಮದೇ ಪ್ರೋಗ್ರಾಂ ಬರೆಯುವವರಿಗೂ ಇದೇ ಎಚ್ಚರಿಕೆ. ಆರು ಅಂಕಣಗಳ ಫೈಲಿನಲ್ಲಿ ಶಿಯರ್ ಸಾಮಾನ್ಯವಾಗಿ ಎಂಜಿನಿಯರಿಂಗ್ ಬೆಲೆಯಲ್ಲೇ ಇರುತ್ತದೆ. ಕೈಪಿಡಿಯಲ್ಲಿ ಹುಡುಕುವುದಕ್ಕಿಂತ ಒಂದೇ ಎಲಿಮೆಂಟಿನ ಮಾಡೆಲ್ ಮಾಡಿ, ಶಿಯರ್ ಮಾಡ್ಯುಲಸ್ ಗೊತ್ತಿರುವ ವಸ್ತು ಕೊಟ್ಟು, ಶುದ್ಧ ಶಿಯರ್ ಹಾಕಿ. ಬಂದ ಸ್ಟ್ರೇನ್ ಸ್ಟ್ರೆಸ್ ಭಾಗಿಸು ಮಾಡ್ಯುಲಸ್‌ಗೆ ಸಮವಿದ್ದರೆ ಎಂಜಿನಿಯರಿಂಗ್ ಶಿಯರ್, ಅರ್ಧವಿದ್ದರೆ ಟೆನ್ಸರ್ ಶಿಯರ್. ಐದು ನಿಮಿಷದ ಕೆಲಸ.

ಪ್ರಶ್ನೆ: ರೋಸೆಟ್‌ಗೆ ಮೂರು ಗೇಜ್ ಸಾಕಲ್ಲವೇ? ನಮ್ಮ ಲ್ಯಾಬ್‌ನ ಹಿರಿಯರು ಮುಖ್ಯವಾದ ಜಾಗದಲ್ಲಿ 135 ಡಿಗ್ರಿಗೆ ನಾಲ್ಕನೆಯದನ್ನೂ ಅಂಟಿಸಲು ಹೇಳುತ್ತಾರೆ. ಖರ್ಚಿಗೆ ತಕ್ಕ ಪ್ರಯೋಜನವಿದೆಯೇ? (ಟೆಸ್ಟಿಂಗ್ ಲ್ಯಾಬ್ ತಂತ್ರಜ್ಞ, ಬೆಂಗಳೂರು)

ಉತ್ತರ: ಇದೆ. ಪರಸ್ಪರ ಲಂಬವಾಗಿರುವ ಯಾವ ಎರಡು ದಿಕ್ಕಿನ ಸ್ಟ್ರೇನ್ ಕೂಡಿದರೂ ಮೊತ್ತ ಒಂದೇ. ಹಾಗಾಗಿ 0 ಮತ್ತು 90ರ ಮೊತ್ತ, 45 ಮತ್ತು 135ರ ಮೊತ್ತಕ್ಕೆ ಸಮವಾಗಲೇಬೇಕು. ಮೇಲಿನ ಉದಾಹರಣೆಯಲ್ಲಿ ಮೊದಲ ಜೋಡಿ 400, ಆದ್ದರಿಂದ 135ರ ಗೇಜ್ −100 ತೋರಿಸಬೇಕು. ತೋರಿಸದಿದ್ದರೆ ಎಲ್ಲೋ ಏನೋ ಕೆಟ್ಟಿದೆ. ಮೂರೇ ಗೇಜ್ ಇದ್ದಾಗ ಎಂಥ ಕೆಟ್ಟ ಓದಿಕೆಯಿಂದಲೂ ನೋಡಲು ಅಂದವಾದ ಉತ್ತರ ಬಂದುಬಿಡುತ್ತದೆ, ಅಪಾಯ ಇರುವುದು ಅಲ್ಲೇ.

ಆದರೆ ಈ ಪರೀಕ್ಷೆ ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯುವುದಿಲ್ಲ ಎಂಬುದು ಸ್ಪಷ್ಟವಿರಲಿ. ಒಂದು ಗೇಜಿನ ಅಂಟು ಬಿಟ್ಟಿದ್ದರೆ, ಒಂದು ಚಾನೆಲ್ಲಿಗೆ ಗೇಜ್ ಫ್ಯಾಕ್ಟರ್ (ರೆಸಿಸ್ಟೆನ್ಸ್ ಬದಲಾವಣೆಯನ್ನು ಸ್ಟ್ರೇನ್‌ಗೆ ಪರಿವರ್ತಿಸುವ ಸಂಖ್ಯೆ) ತಪ್ಪಾಗಿ ಕೊಟ್ಟಿದ್ದರೆ, 0 ಮತ್ತು 45ರ ತಂತಿ ಅದಲುಬದಲಾಗಿದ್ದರೆ ಹಿಡಿಯುತ್ತದೆ. 0 ಮತ್ತು 90 ಅದಲುಬದಲಾಗಿದ್ದರೆ ಹಿಡಿಯುವುದಿಲ್ಲ, ಮೊತ್ತಕ್ಕೆ ಅದು ಗೊತ್ತೇ ಆಗುವುದಿಲ್ಲ. ತಾಪಮಾನದಿಂದ ನಾಲ್ಕೂ ಗೇಜಿಗೆ ಸಮನಾಗಿ 50 ಮೈಕ್ರೋಸ್ಟ್ರೇನ್ ಸೇರಿಕೊಂಡರೂ ಎರಡೂ ಜೋಡಿ 100ರಷ್ಟು ಏರಿ ಸಮವಾಗಿಯೇ ಉಳಿಯುತ್ತವೆ. ತಾಪಮಾನಕ್ಕೆ ಹೊರೆಯಿಲ್ಲದ ಡಮ್ಮಿ ಗೇಜೇ ಬೇಕು. ಉದ್ದ ತಂತಿಯ ರೆಸಿಸ್ಟೆನ್ಸ್‌ನಿಂದ ಎಲ್ಲ ಓದಿಕೆಗಳೂ ಒಂದೇ ಪ್ರಮಾಣದಲ್ಲಿ ತಗ್ಗಿದಾಗಲೂ ಹಾಗೆಯೇ.

ಇಡೀ ರೋಸೆಟ್ ಐದು ಡಿಗ್ರಿ ವಾಲಿ ಅಂಟಿದ್ದರೆ ಗಾಬರಿಪಟ್ಟು ಕಿತ್ತುಹಾಕಬೇಡಿ. ಪ್ರಿನ್ಸಿಪಲ್ ಬೆಲೆಗಳು ಕದಲುವುದಿಲ್ಲ, ದಿಕ್ಕಿನ ಉತ್ತರಕ್ಕೆ ಮಾತ್ರ ಐದು ಡಿಗ್ರಿ ತಿದ್ದುಪಡಿ. ಬಿಡಿ ಬಿಡಿ ಗೇಜ್‌ಗಳನ್ನು ಅಂಟಿಸಿ ಅವುಗಳಲ್ಲಿ ಒಂದು ವಾಲಿದ್ದರೆ ಮಾತ್ರ ಬೆಲೆಗಳೇ ಕೆಡುತ್ತವೆ. ರಂಧ್ರದ ಅಂಚು, ವೆಲ್ಡಿನ ಬುಡ ಇಂಥ ಕಡೆ ಎರಡು ಜೋಡಿಗಳ ಮೊತ್ತ ಸೇರದಿದ್ದರೆ ಗೇಜನ್ನೇ ದೂರಬೇಡಿ. ಅಕ್ಕಪಕ್ಕದಲ್ಲಿರುವ ಗ್ರಿಡ್‌ಗಳು ನಿಜಕ್ಕೂ ಬೇರೆ ಬೇರೆ ಬಿಂದುಗಳ ಸ್ಟ್ರೇನ್ ಓದುತ್ತಿರಬಹುದು. ಒಂದರ ಮೇಲೊಂದು ಜೋಡಿಸಿದ ರೋಸೆಟ್ ಅಲ್ಲಿಗೆ ಸೂಕ್ತ, ಆದರೆ ಅದು ಬೇಗ ಬಿಸಿಯಾಗುತ್ತದೆ. ಬ್ರಿಡ್ಜ್ ವೋಲ್ಟೇಜ್ ತಗ್ಗಿಸಿ.

ಅಡ್ಡ ಸಂವೇದನೆಯ (ಗೇಜ್ ತನ್ನ ಅಡ್ಡ ದಿಕ್ಕಿನ ಸ್ಟ್ರೇನನ್ನೂ ಸ್ವಲ್ಪ ಓದುವುದು) ತಿದ್ದುಪಡಿಯೂ ಮೊತ್ತಕ್ಕೆ ಬಹಳ ಸುಲಭ. ಗೇಜ್ ಫ್ಯಾಕ್ಟರನ್ನು ಸಾಮಾನ್ಯವಾಗಿ ಪಾಯಿಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಕುಗ್ಗುವ ಪ್ರಮಾಣ) 0.285 ಇರುವ ಪಟ್ಟಿಯ ಮೇಲೆ ನಿಗದಿ ಮಾಡಿರುತ್ತಾರೆ. ಅಡ್ಡ ಸಂವೇದನೆ ಶೇ 1 ಇದ್ದರೆ ಓದಿದ ಮೊತ್ತವನ್ನು (1 − 0.285 × 0.01) ಭಾಗಿಸು 1.01, ಅಂದರೆ 0.987ರಿಂದ ಗುಣಿಸಿದರೆ ಆಯಿತು. 400 ಎಂದು ಓದಿದ್ದು ನಿಜದಲ್ಲಿ 395.

ಪ್ರಶ್ನೆ: ಅದೇ ರೀತಿಯ ರೋಸೆಟ್ ಫಲಿತಾಂಶದಿಂದ ನಾನು ಈಕ್ವಿವಲೆಂಟ್ ಸ್ಟ್ರೇನ್ (ಎಲ್ಲ ದಿಕ್ಕಿನ ಸ್ಟ್ರೇನ್‌ಗಳ ಬದಲಿಗೆ ಒಂದೇ ಸಂಖ್ಯೆ) ತೆಗೆದರೆ ಎಫ್‌ಇಎಂ ಸಾಫ್ಟ್‌ವೇರಿನದಕ್ಕಿಂತ ಸುಮಾರು ಶೇ 13 ಕಡಿಮೆ ಬರುತ್ತದೆ. ಮೆಶ್ ಸಣ್ಣದು ಮಾಡಿದರೂ ವ್ಯತ್ಯಾಸ ಹೋಗುತ್ತಿಲ್ಲ. (ಡಿಸೈನ್ ಎಂಜಿನಿಯರ್, ಮೈಸೂರು)

ಉತ್ತರ: ಮೆಶ್ ಬಿಡಿ. ಶೇ 13 ಎಂದ ಕೂಡಲೇ ಕಾರಣ ಗೊತ್ತಾಗುತ್ತದೆ, ಆದರೆ ಅದಕ್ಕೆ ಮೊದಲು ಮೂರನೆಯ ಸ್ಟ್ರೇನ್ ಮರೆತಿಲ್ಲವೆಂದು ಖಚಿತಪಡಿಸಿಕೊಳ್ಳೋಣ.

ಗೇಜ್ ಅಂಟಿಸಿದ ಮೇಲ್ಮೈಯಲ್ಲಿ ಹೊರಕ್ಕೆ ಸ್ಟ್ರೆಸ್ ಇಲ್ಲ, ಆದರೆ ಸ್ಟ್ರೇನ್ ಇದೆ. ಪಾಯಿಸನ್ ಅನುಪಾತ 0.3 ಇದ್ದರೆ ದಪ್ಪದ ದಿಕ್ಕಿನ ಸ್ಟ್ರೇನ್, ಸಮತಲದ ಮೊತ್ತವನ್ನು −0.3/0.7ರಿಂದ ಗುಣಿಸಿದಷ್ಟು. ನಮ್ಮ ಉದಾಹರಣೆಯಲ್ಲಿ 400ಕ್ಕೆ −171.4. ಹಾಗಾಗಿ ಮೂರು ಪ್ರಿನ್ಸಿಪಲ್‌ಗಳು 700, −171.4, −300; ಐ1 = 228.6. ಮೂರನೆಯದನ್ನು ಸೊನ್ನೆ ಎಂದುಕೊಂಡವರಿಗೆ ಐ1 = 400 ಬರುತ್ತದೆ. ಯಂಗ್ ಮಾಡ್ಯುಲಸ್ 200 ಗಿಗಾಪಾಸ್ಕಲ್ ಎಂದರೆ ಬಲ್ಕ್ ಮಾಡ್ಯುಲಸ್ 166.7. ಐ1ನ್ನು ಅದರಿಂದ ಗುಣಿಸಿದರೆ ಬರುವ ಸರಾಸರಿ ಸ್ಟ್ರೆಸ್ 38 ಮೆಗಾಪಾಸ್ಕಲ್ ಇರಬೇಕಾದ್ದು 67 ಆಗಿಬಿಡುತ್ತದೆ. ಇನ್ನೂ ದೊಡ್ಡ ಅನಾಹುತ ಆಗುವುದು ಸಮತಲದ ಎರಡೂ ಪ್ರಿನ್ಸಿಪಲ್‌ಗಳು ಒಂದೇ ಚಿಹ್ನೆಯವಾದಾಗ, ಉದಾಹರಣೆಗೆ ಒತ್ತಡದ ಟ್ಯಾಂಕಿನ ಗೋಡೆಯಲ್ಲಿ. 700 ಮತ್ತು 300 ಇದ್ದರೆ ಸಮತಲದ ಗರಿಷ್ಠ ಶಿಯರ್ 400 ಎಂದು ಬರೆದು ಮುಗಿಸುತ್ತಾರೆ. ದಪ್ಪದ ಸ್ಟ್ರೇನ್ −428.6, ಆದ್ದರಿಂದ ನಿಜವಾದ ಗರಿಷ್ಠ ಶಿಯರ್ 1128.6. ಮೂರು ಪಟ್ಟು ಹತ್ತಿರ!

ಈಗ ನಿಮ್ಮ ಶೇ 13. ಆಕಾರ ಬದಲಾವಣೆಯನ್ನು ಅಳೆಯುವುದು ಡೀವಿಯೇಟರಿಕ್ ಭಾಗದ (ಸರಾಸರಿ ಹಿಗ್ಗು ಕಳೆದು ಉಳಿದದ್ದು) ಎರಡನೆಯ ಇನ್ವೇರಿಯಂಟ್ ಜೆ2. ಅದು ಐ1ರ ವರ್ಗದ ಮೂರನೇ ಒಂದು ಭಾಗದಿಂದ ಐ2 ಕಳೆದಷ್ಟು. ಐ2 = −2,10,000 − 68,571 = −2,78,571; ಜೆ2 = 17,415 + 2,78,571 = 2,95,986. ಪುಸ್ತಕದ ಈಕ್ವಿವಲೆಂಟ್ ಸ್ಟ್ರೇನ್ ಎಂದರೆ ಜೆ2ರ ಮೂರನೇ ನಾಲ್ಕು ಭಾಗದ ವರ್ಗಮೂಲ: 628. ಈ ಸೂತ್ರದ ಒಳಗೆ ಗಾತ್ರ ಬದಲಾಗುವುದಿಲ್ಲ ಎಂಬ ಊಹೆ, ಅಂದರೆ ಪಾಯಿಸನ್ ಅನುಪಾತ 0.5, ಅಡಗಿದೆ. ಪ್ಲಾಸ್ಟಿಕ್ ಸ್ಟ್ರೇನಿಗೆ ಅದು ಸರಿ. ಆನ್ಸಿಸ್‌ನಂಥ ಸಾಫ್ಟ್‌ವೇರ್ ಎಲಾಸ್ಟಿಕ್ ಸ್ಟ್ರೇನಿಗೆ ವಸ್ತುವಿನ ನಿಜವಾದ ಪಾಯಿಸನ್ ಅನುಪಾತವನ್ನೇ ಬಳಸುತ್ತದೆ. ಆಗ 628 × 1.5/1.3 = 725. ಎರಡರ ನಡುವಿನ ಅಂತರವೇ ನಿಮ್ಮ ಶೇ 13. 725 ಮೈಕ್ರೋಸ್ಟ್ರೇನನ್ನು ಯಂಗ್ ಮಾಡ್ಯುಲಸ್‌ನಿಂದ ಗುಣಿಸಿದರೆ 145 ಮೆಗಾಪಾಸ್ಕಲ್. ಸ್ಟ್ರೆಸ್ ಕಡೆಯಿಂದ ಬಂದರೆ ಪ್ರಿನ್ಸಿಪಲ್ ಸ್ಟ್ರೆಸ್ 134.1 ಮತ್ತು −19.8, ಫಾನ್ ಮಿಸೆಸ್ 145. ಎಲಾಸ್ಟಿಕ್ ಮಿತಿಯೊಳಗಿನ ಗೇಜ್ ಓದಿಕೆಯನ್ನು ಹೋಲಿಸುವಾಗ 725ನ್ನೇ ಬಳಸಿ. ವರದಿಯಲ್ಲಿ ಯಾವ ಅನುಪಾತ ಹಿಡಿದಿರಿ ಎಂದು ಬರೆಯದೆ "ಈಕ್ವಿವಲೆಂಟ್ ಸ್ಟ್ರೇನ್" ಎಂದಷ್ಟೇ ಬರೆದರೆ ಓದುವವರಿಗೆ ಆ ಸಂಖ್ಯೆಯಿಂದ ಉಪಯೋಗವಿಲ್ಲ.

ಪ್ರಶ್ನೆ: ಶೀಟ್ ಮೆಟಲ್‌ನ ಆರ್-ಬೆಲೆ (ಅಗಲದ ಸ್ಟ್ರೇನ್ ಭಾಗಿಸು ದಪ್ಪದ ಸ್ಟ್ರೇನ್) ತೆಗೆಯಲು ದಪ್ಪವನ್ನು ಅಳೆಯದೆ ಗಾತ್ರ ಬದಲಾಗುವುದಿಲ್ಲ ಎಂಬ ನಿಯಮದಿಂದ ಪಡೆಯಿರಿ ಎನ್ನುತ್ತಾರೆ. 50 ಮಿಮೀ ಗೇಜ್ ಉದ್ದ 60 ಆಯಿತು, 12.5 ಮಿಮೀ ಅಗಲ 11.3 ಆಯಿತು. ನನಗೆ 0.92 ಬಂತು, ಪೂರೈಕೆದಾರರ ಸರ್ಟಿಫಿಕೇಟ್‌ನಲ್ಲಿ 1.2ಕ್ಕಿಂತ ಹೆಚ್ಚಿದೆ. (ಗುಣಮಟ್ಟ ವಿಭಾಗ, ತುಮಕೂರು)

ಉತ್ತರ: ನಿಮ್ಮ ಅಳತೆ ಸರಿಯಿದೆ, ಸ್ಟ್ರೇನಿನ ಆಯ್ಕೆ ತಪ್ಪಿದೆ. ನೀವು ಉದ್ದಕ್ಕೆ 0.2, ಅಗಲಕ್ಕೆ −0.096 ಎಂದು ಎಂಜಿನಿಯರಿಂಗ್ ಸ್ಟ್ರೇನ್ ಹಿಡಿದು, ಐ1 ಸೊನ್ನೆ ಎಂದು ದಪ್ಪಕ್ಕೆ −0.104 ಪಡೆದಿದ್ದೀರಿ. ಇಷ್ಟು ದೊಡ್ಡ ಸ್ಟ್ರೇನಿನಲ್ಲಿ ಎಂಜಿನಿಯರಿಂಗ್ ಸ್ಟ್ರೇನ್‌ಗಳ ಮೊತ್ತ ಸೊನ್ನೆಯಾಗುವುದಿಲ್ಲ. ಮೊದಲ ಉತ್ತರದ ರಬ್ಬರಿನ ಕತೆಯೇ ಇಲ್ಲೂ. ಲಾಗರಿದಮಿಕ್ ಸ್ಟ್ರೇನ್‌ಗಳ ಮೊತ್ತ ಮಾತ್ರ ಗಾತ್ರ ಬದಲಾಗದಿದ್ದರೆ ಕರಾರುವಾಕ್ಕಾಗಿ ಸೊನ್ನೆ, ಯಾಕೆಂದರೆ ಗುಣಾಕಾರ ಲಾಗರಿದಮ್‌ನಲ್ಲಿ ಕೂಡಿಕೆಯಾಗುತ್ತದೆ. 1.2ರ ಸಹಜ ಲಾಗ್ 0.1823. 0.904ರದು −0.1009. ದಪ್ಪ −0.0814. ಆರ್ = 0.1009/0.0814 = 1.24. ಡೀಪ್ ಡ್ರಾಯಿಂಗ್‌ಗೆ 1ಕ್ಕಿಂತ ಮೇಲೋ ಕೆಳಗೋ ಎಂಬುದೇ ಪ್ರಶ್ನೆಯಾದ್ದರಿಂದ ನೀವು ಒಳ್ಳೆಯ ಮಾಲನ್ನು ವಾಪಸ್ ಕಳಿಸುವ ಹಂತದಲ್ಲಿದ್ದಿರಿ.

ದಪ್ಪವನ್ನು ಏಕೆ ನೇರವಾಗಿ ಅಳೆಯುವುದಿಲ್ಲ? 0.8 ಮಿಮೀ ಹಾಳೆ ಇಲ್ಲಿ ತೆಳುವಾಗುವುದು 0.0625 ಮಿಮೀ ಮಾತ್ರ. ಮೈಕ್ರೋಮೀಟರ್ 0.01 ತಪ್ಪಿದರೆ ದಪ್ಪದ ಸ್ಟ್ರೇನ್ ಶೇ 16-17 ತಪ್ಪುತ್ತದೆ. ಹಾಗೆಂದು ಅಗಲದ ಅಳತೆಯಲ್ಲಿ ಉದಾಸೀನ ಬೇಡ. ಅಗಲದಲ್ಲಿ ಬಂದ ತಪ್ಪು ಭಿನ್ನರಾಶಿಯ ಮೇಲೂ ಕೆಳಗೂ ವಿರುದ್ಧ ದಿಕ್ಕಿನಲ್ಲಿ ಹೋಗುತ್ತದೆ. 11.30 ಬದಲು 11.25 ಓದಿದರೆ ಆರ್ 1.24ರಿಂದ 1.37ಕ್ಕೆ ಜಿಗಿಯುತ್ತದೆ. ಗೇಜ್ ಉದ್ದದೊಳಗೆ ಕನಿಷ್ಠ ಮೂರು ಕಡೆ ಅಗಲ ಅಳೆಯಿರಿ, ಅಂಚಿನ ಬರ್ ತೆಗೆದಿರಲಿ, ನೆಕ್ಕಿಂಗ್ (ಒಂದೇ ಕಡೆ ಸಣ್ಣಗಾಗುವುದು) ಶುರುವಾಗುವ ಮೊದಲೇ ನಿಲ್ಲಿಸಿ. ನಿಯಮ ಪ್ಲಾಸ್ಟಿಕ್ ಸ್ಟ್ರೇನಿಗೆ ಮಾತ್ರ ಅನ್ವಯ, ಆದ್ದರಿಂದ ಹೊರೆ ಇಳಿಸಿದ ಮೇಲೆ ಅಳೆಯಬೇಕು. ಎಕ್ಸ್‌ಟೆನ್ಸೋಮೀಟರ್‌ನಿಂದ ಹೊರೆಯಲ್ಲೇ ಓದುವುದಾದರೆ ಎಲಾಸ್ಟಿಕ್ ಭಾಗ ಕಳೆಯಿರಿ.

ಪ್ರಶ್ನೆ: ರಬ್ಬರ್ ಸೀಲ್‌ನ ಮಾಡೆಲ್‌ಗೆ ಮೂನಿ-ರಿವ್ಲಿನ್ ಬಳಸುತ್ತಿದ್ದೇವೆ. ಎಳೆತದ ಪರೀಕ್ಷೆಗೆ ವಕ್ರರೇಖೆ ಚೆನ್ನಾಗಿ ಕೂತಿದೆ, ಆದರೆ ಡಯಾಫ್ರಾಮ್ ಉಬ್ಬಿಸಿದಾಗ ಮಾಡೆಲ್ ನಿಜಕ್ಕಿಂತ ಎರಡು ಪಟ್ಟು ಗಡುಸು. (ರಬ್ಬರ್ ಘಟಕ ತಯಾರಕರು, ಬೆಂಗಳೂರು)

ಉತ್ತರ: 1940ರಲ್ಲಿ ಮೂನಿ, 1948ರಲ್ಲಿ ರಿವ್ಲಿನ್ ರೂಪಿಸಿದ ಈ ಮಾಡೆಲ್‌ನಲ್ಲಿ ಶಕ್ತಿ ಎರಡು ಪದಗಳ ಮೊತ್ತ: ಸಿ1 ಗುಣಿಸು (ಐ1 − 3), ಸಿ2 ಗುಣಿಸು (ಐ2 − 3). ಸಿ1, ಸಿ2 ಪರೀಕ್ಷೆಯಿಂದ ಪಡೆಯುವ ವಸ್ತುವಿನ ಸ್ಥಿರಾಂಕಗಳು, ಐ1, ಐ2 ಕೋಶಿ-ಗ್ರೀನ್ ಇನ್ವೇರಿಯಂಟ್‌ಗಳು. ಎರಡು ಪಟ್ಟು ಎಳೆದ ಪಟ್ಟಿಯಲ್ಲಿ ಐ1 = 5, ಐ2 = 4.25. ಎರಡೂ ದಿಕ್ಕಿನಲ್ಲಿ ಎರಡು ಪಟ್ಟು ಹಿಗ್ಗಿದ ಡಯಾಫ್ರಾಮ್‌ನಲ್ಲಿ ಐ1 = 8.06, ಐ2 = 16.5. ಪಟ್ಟಿ ಎಳೆಯುವ ಪರೀಕ್ಷೆ ಐ2 ಕಡೆಗೆ ಬಹುಮಟ್ಟಿಗೆ ಕುರುಡು, ಡಯಾಫ್ರಾಮ್ ಉಬ್ಬುವಾಗ ಅದೇ ಐ2 ಆಳುತ್ತದೆ.

ಸ್ಟ್ರೆಸ್ ಸೂತ್ರದಲ್ಲಿ ಇದು ಬೆತ್ತಲಾಗಿ ಕಾಣುತ್ತದೆ. ಹಿಗ್ಗಿನ ಅನುಪಾತ 2 ಇದ್ದಾಗ ಪಟ್ಟಿಯ ಎಂಜಿನಿಯರಿಂಗ್ ಸ್ಟ್ರೆಸ್ 2 × (ಸಿ1 + ಸಿ2/2) × 1.75. ಎರಡು ದಿಕ್ಕಿನ ಹಿಗ್ಗಿನಲ್ಲಿ 2 × (ಸಿ1 + 4 ಸಿ2) × 1.969. ಸಿ1 ಜೊತೆ ಹೋಲಿಸಿದರೆ ಸಿ2 ತೂಕ ಎಂಟು ಪಟ್ಟು. ಸಿ1 = 0.25, ಸಿ2 = 0 ಎಂದರೂ, ಸಿ1 = 0.2, ಸಿ2 = 0.1 ಎಂದರೂ ಪಟ್ಟಿಯಲ್ಲಿ ಬರುವುದು ಅದೇ 0.875 ಮೆಗಾಪಾಸ್ಕಲ್. ಡಯಾಫ್ರಾಮ್‌ನಲ್ಲಿ ಮೊದಲನೆಯದು 0.98, ಎರಡನೆಯದು 2.36. ಎಳೆತದ ರೇಖೆಯ ಬಾಗನ್ನು ಹಿಡಿಯಲು ಫಿಟ್ಟಿಂಗ್ ಪ್ರೋಗ್ರಾಂ ಸಿ2 ಹಿಗ್ಗಿಸಿಬಿಡುತ್ತದೆ, ಅದರ ಬೆಲೆ ನೀವು ಡಯಾಫ್ರಾಮ್‌ನಲ್ಲಿ ತೆರುತ್ತೀರಿ.

ಮಾಡಬೇಕಾದ್ದು: ಅದೇ ಕಾಂಪೌಂಡಿನ ಹಾಳೆಯ ಮೇಲೆ ಎರಡು ದಿಕ್ಕಿನ ಹಿಗ್ಗಿನ ಪರೀಕ್ಷೆ ಅಥವಾ ಬಲೂನಿನಂತೆ ಉಬ್ಬಿಸುವ ಪರೀಕ್ಷೆ ಮಾಡಿಸಿ, ಎರಡೂ ರೇಖೆಗಳನ್ನು ಒಟ್ಟಿಗೆ ಫಿಟ್ ಮಾಡಿ. ಅಗಲವಾದ ಪಟ್ಟಿಯ ಪ್ಲೇನಾರ್ ಪರೀಕ್ಷೆ ಒಂದರಿಂದಲೇ ಐ1, ಐ2 ಬೇರ್ಪಡುವುದಿಲ್ಲ, ಅಲ್ಲಿ ಎರಡರ ಬೆಲೆಯೂ ಒಂದೇ. ಪರೀಕ್ಷೆಗೆ ಹಣವಿಲ್ಲದಿದ್ದರೆ ಸಿ2 ಸೊನ್ನೆ ಮಾಡಿ ನಿಯೋ-ಹೂಕಿಯನ್‌ಗೆ ಇಳಿಯಿರಿ. ಎಳೆತದಲ್ಲಿ ಸ್ವಲ್ಪ ತಪ್ಪುತ್ತದೆ, ಆದರೆ ಹೊಸ ರೀತಿಯ ವಿರೂಪದಲ್ಲಿ ದಾರಿ ತಪ್ಪಿಸುವುದಿಲ್ಲ. ಸಿ2 ಋಣ ಬಂದರೆ ಆ ಫಿಟ್ ಕಸದ ಬುಟ್ಟಿಗೆ, ಎರಡು ದಿಕ್ಕಿನ ಹಿಗ್ಗಿನಲ್ಲಿ ಅದು ಸ್ಥಿರತೆ ಕಳೆದುಕೊಳ್ಳುತ್ತದೆ. ಹೊಸ ತುಂಡನ್ನು ಬಳಕೆಯಲ್ಲಿ ಬರುವ ಗರಿಷ್ಠ ಹಿಗ್ಗಿನವರೆಗೆ ಕೆಲವು ಸಲ ಎಳೆದು ಬಿಟ್ಟ ಮೇಲೆಯೇ ಓದಿಕೆ ತೆಗೆದುಕೊಳ್ಳಿ. ಕಾರ್ಬನ್ ಬ್ಲ್ಯಾಕ್ ತುಂಬಿದ ರಬ್ಬರ್ ಮೊದಲ ಎಳೆತದಲ್ಲಿ ಬಹಳ ಗಡುಸಾಗಿರುತ್ತದೆ.

ಪ್ರಶ್ನೆ: ಡೇಟಾ ಲಾಗರ್‌ನಲ್ಲಿ ಇನ್ವೇರಿಯಂಟ್‌ಗಳಿಂದ ಪ್ರಿನ್ಸಿಪಲ್ ಬೆಲೆ ತೆಗೆಯುವ ಪ್ರೋಗ್ರಾಂ ಆಗಾಗ ಸಂಖ್ಯೆಯೇ ಅಲ್ಲದ ಉತ್ತರ ಕೊಡುತ್ತದೆ. (ಎಂಬೆಡೆಡ್ ಎಂಜಿನಿಯರ್, ಬೆಂಗಳೂರು)

ಉತ್ತರ: ಕ್ಯೂಬಿಕ್ ಸಮೀಕರಣವನ್ನು ಆರ್ಕ್-ಕೊಸೈನ್ ಸೂತ್ರದಿಂದ ಬಿಡಿಸುತ್ತಿದ್ದೀರಿ ಎಂದುಕೊಳ್ಳುತ್ತೇವೆ. ಅದರೊಳಗೆ ಹೋಗುವುದು ಜೆ3 (ಡೀವಿಯೇಟರಿಕ್ ಭಾಗದ ಮೂರನೆಯ ಇನ್ವೇರಿಯಂಟ್) ಭಾಗಿಸು ಜೆ2ರ ಒಂದೂವರೆ ಘಾತ, ಗುಣಿಸು 2.598. ಎರಡು ಪ್ರಿನ್ಸಿಪಲ್‌ಗಳು ಸಮವಾದಾಗ, ಸರಳ ಎಳೆತದಲ್ಲೇ ಹಾಗಾಗುತ್ತದೆ, ಇದರ ಬೆಲೆ ಸರಿಯಾಗಿ 1 ಅಥವಾ −1. ರೌಂಡಿಂಗ್‌ನಿಂದ 1.0000001 ಆದರೂ ಆರ್ಕ್-ಕೊಸೈನ್ ಕೈ ಎತ್ತುತ್ತದೆ. −1 ಮತ್ತು 1ರ ನಡುವೆ ಕಟ್ಟಿಹಾಕಿ. ಜೆ2 ಸೊನ್ನೆಗೆ ತೀರಾ ಹತ್ತಿರವಿದ್ದರೆ ಭಾಗಿಸದೆ ಮೂರಕ್ಕೂ ಐ1ರ ಮೂರನೇ ಒಂದು ಭಾಗ ಕೊಟ್ಟುಬಿಡಿ. ಸ್ಟ್ರೇನನ್ನು ಮೈಕ್ರೋ ಮಾನದಲ್ಲೇ ಇಟ್ಟುಕೊಳ್ಳಿ. ಬರಿಯ ಸ್ಟ್ರೇನಿನಲ್ಲಿ ಜೆ2ರ ಘನ ತೆಗೆದರೆ 32 ಬಿಟ್ ಸಂಖ್ಯೆಗೆ ಸಿಗದಷ್ಟು ಚಿಕ್ಕದಾಗಿ ಸೊನ್ನೆಗೆ ಬೀಳಬಹುದು. ಜೆ2ನ್ನು ಐ1, ಐ2ಗಳಿಂದ ಕಳೆದು ಪಡೆಯುವ ಬದಲು ನೇರ ಸ್ಟ್ರೇನ್‌ಗಳ ವ್ಯತ್ಯಾಸಗಳ ವರ್ಗಗಳಿಂದ, ಟೆನ್ಸರ್ ಶಿಯರ್‌ಗಳ ವರ್ಗಗಳನ್ನೂ ಸೇರಿಸಿ ಪಡೆಯಿರಿ. ಮೂರೂ ದಿಕ್ಕಿನಲ್ಲಿ ಬಹುತೇಕ ಸಮನಾಗಿ ಒತ್ತಿದಾಗ ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಅಂಕೆಗಳೆಲ್ಲ ಕರಗಿಹೋಗುತ್ತವೆ.

ಪ್ರಶ್ನೆ: ಜಿಪಿಎಸ್‌ನಿಂದ ತಯಾರಿಸಿದ ಭೂಪದರದ ನಕ್ಷೆಗಳಲ್ಲಿ "ಸ್ಟ್ರೇನ್ ದರದ ಎರಡನೆಯ ಇನ್ವೇರಿಯಂಟ್" ಎಂದು ಬಣ್ಣ ಹಾಕಿರುತ್ತಾರೆ. ಅದು ಎಲ್ಲೂ ಋಣವಾಗುವುದಿಲ್ಲ. ನಮ್ಮ ಐ2 ಋಣವಾಗುತ್ತದಲ್ಲ? (ಭೂವಿಜ್ಞಾನ ವಿದ್ಯಾರ್ಥಿ, ಧಾರವಾಡ)

ಉತ್ತರ: ಅವರು ಬಳಸುವುದು ಸಾಮಾನ್ಯವಾಗಿ ಬೇರೆ ಪ್ರಮಾಣ: ಎರಡು ನೇರ ಸ್ಟ್ರೇನ್ ದರಗಳ ವರ್ಗ, ಅದಕ್ಕೆ ಟೆನ್ಸರ್ ಶಿಯರ್ ವರ್ಗದ ಎರಡರಷ್ಟು, ಒಟ್ಟಿನ ವರ್ಗಮೂಲ. ಇದೂ ಅಕ್ಷಗಳನ್ನು ಅವಲಂಬಿಸಿಲ್ಲ, ಐ1ರ ವರ್ಗದಿಂದ ಐ2ರ ಎರಡರಷ್ಟು ಕಳೆದು ವರ್ಗಮೂಲ ತೆಗೆದರೆ ಇದೇ ಬರುತ್ತದೆ. ಆದ್ದರಿಂದ ಹೆಸರಿಗೆ ತಕರಾರಿಲ್ಲ, ಆದರೆ ಲೆಕ್ಕದಲ್ಲಿ ಬೆರೆಸಬೇಡಿ. ಕೆಲವು ಪುಸ್ತಕಗಳು ಐ2 ಚಿಹ್ನೆಯನ್ನೇ ತಿರುಗಿಸಿ ಕ್ಯೂಬಿಕ್ ಸಮೀಕರಣದಲ್ಲಿ ಅದಕ್ಕೆ ತಕ್ಕಂತೆ ಕಳೆಯುವ ಚಿಹ್ನೆ ಹಾಕಿರುತ್ತವೆ, ಅದನ್ನೂ ಗಮನಿಸಿ. ನಕ್ಷೆ ಓದುವಾಗ ಇನ್ನೊಂದು ಮಾತು: ಈ ಒಂದು ಸಂಖ್ಯೆ ಭೂಪದರ ಎಷ್ಟು ವೇಗವಾಗಿ ವಿರೂಪಗೊಳ್ಳುತ್ತಿದೆ ಎಂದು ಹೇಳುತ್ತದೆಯೇ ಹೊರತು ಅದು ಹಿಮಾಲಯದಂತೆ ಒತ್ತಿಕೊಳ್ಳುತ್ತಿದೆಯೋ, ಪೂರ್ವ ಆಫ್ರಿಕಾದ ಬಿರುಕಿನಂತೆ ಬಿಚ್ಚಿಕೊಳ್ಳುತ್ತಿದೆಯೋ ಎಂದು ಹೇಳುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಐ1ರ ನಕ್ಷೆ ಬೇಕು. ಅಲ್ಲಿ ಚಿಹ್ನೆ ಉಳಿದಿರುತ್ತದೆ: ಋಣವಾದರೆ ಆ ನೆಲದ ವಿಸ್ತೀರ್ಣ ಕುಗ್ಗುತ್ತಿದೆ, ಧನವಾದರೆ ಹಿಗ್ಗುತ್ತಿದೆ, ಸೊನ್ನೆಯ ಹತ್ತಿರವಿದ್ದೂ ಎರಡನೆಯ ನಕ್ಷೆಯಲ್ಲಿ ಗಾಢ ಬಣ್ಣವಿದ್ದರೆ ಎರಡು ತುಂಡುಗಳು ಪಕ್ಕಪಕ್ಕದಲ್ಲಿ ಜಾರುತ್ತಿವೆ.